ನಾರ್ವೆಯಲ್ಲಿ ನಾನು ಕಳೆದುಹೋಗಲಿಲ್ಲ

ಕಳೆದ ಮೇ ತಿಂಗಳಲ್ಲಿ ನಾನು, ನನ್ನ ಗಂಡ ನಾರ್ವೆಯ ಉತ್ತರ ಕರಾವಳಿಗೆ ಹೋಗಿದ್ದೆವು. ಅಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿ ಅಮೆರಿಕದ ಕೆಂಡಲ್ ಪಾರ್ಕಿನ ನಮ್ಮ ಮನೆಯಲ್ಲೇ ತಯಾರಾಗಿತ್ತು. ತಯಾರಿಸಿದವರು ಅವರು. ನನ್ನನ್ನು ಯಾರೂ ಕೇಳಿರಲಿಲ್ಲ.

ಆರನೆಯ ದಿನ ದಾರಿಯಲ್ಲೊಂದು ಹಳ್ಳಿ ಸಿಕ್ಕಿತು. ಸಮುದ್ರದ ಪಕ್ಕದಲ್ಲಿ, ಮರದ ಚೌಕಟ್ಟುಗಳ ಮೇಲೆ ಸಾಲುಸಾಲಾಗಿ ಮೀನು ಒಣಹಾಕಿದ್ದರು. ನಾನು ಹುಟ್ಟಿದ್ದು ಕಾರವಾರದ ಮೀನುಗಾರರ ಕೇರಿಯಲ್ಲಿ. ವಾಸನೆ ಬಂದದ್ದೇ ತಡ, ಕಾರು ನಿಲ್ಲಿಸಲು ಹೇಳಿ ಇಳಿದುಬಿಟ್ಟೆ. ಒಬ್ಬ ಮುದುಕಿ ಚೌಕಟ್ಟಿನಿಂದ ಒಣಗಿದ ಮೀನು ಬಿಚ್ಚುತ್ತಿದ್ದಳು. ನನ್ನ ಅಮ್ಮ ಮಾಡುತ್ತಿದ್ದ ಹಾಗೆ ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಆಕೆ ನಕ್ಕು ಇನ್ನೊಂದನ್ನು ಕೈಗಿತ್ತಳು.

ಸಸ್ಯಾಹಾರಿ ಮನೆತನದ ನನ್ನ ಗಂಡ ಮೂಗು ಮುಚ್ಚಿಕೊಂಡೇ ಕೂಗಿದರು. "ಬಾ ಸಾಕು. ಈ ನಾತದಲ್ಲಿ ಎಷ್ಟೊತ್ತು ನಿಲ್ತೀಯ? ಲೈಟ್‌ಹೌಸ್ ಮಿಸ್ ಆಗತ್ತೆ."

"ಹತ್ತು ನಿಮಿಷ ಇರಿ."

"ನೀನು ಇಲ್ಲೇ ಇರು ಹಾಗಾದ್ರೆ."

ಕಾರು ಹೊರಟೇ ಹೋಯಿತು. ತಿರುವಿನಲ್ಲಿ ವಾಪಸ್ ಬರುತ್ತಾರೆಂದುಕೊಂಡೆ. ಬಂದದ್ದು ಮೂರು ಗಂಟೆ ಕಳೆದ ಮೇಲೆ. ನನ್ನ ಕೋಟು, ಫೋನು ಎರಡೂ ಕಾರಿನಲ್ಲಿದ್ದವು. ಆ ಚಳಿಗಾಳಿಯಲ್ಲಿ ನಡುಗುತ್ತ ನಿಂತವಳನ್ನು ಅಡುಗೆಮನೆಗೆ ಕರೆದೊಯ್ದು, ಬಿಸಿ ಕಾಫಿ ಕೊಟ್ಟು ಕೂರಿಸಿದವಳು ಆ ಮುದುಕಿ. ವಾಪಸ್ ಬಂದ ನನ್ನ ಗಂಡ ಲೈಟ್‌ಹೌಸಿನ ಫೋಟೋ ತೋರಿಸಿದರು. ನಾನು ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ. ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಹೋದ ತಿಂಗಳು ನಾಲ್ಕು ಸಂಸಾರಗಳನ್ನು ಊಟಕ್ಕೆ ಕರೆದಿದ್ದೆವು. ಊಟದ ನಂತರ ಟಿವಿಯಲ್ಲಿ ನಾರ್ವೆಯ ಫೋಟೋಗಳು. ಆ ಹಳ್ಳಿ ಬಂದಾಗ ನನ್ನ ಗಂಡ, "ಇಲ್ಲೇ ನೋಡಿ ನಮ್ಮ ಮೇಡಂ ಕಳೆದುಹೋಗಿದ್ದು. ಒಣಮೀನಿನ ವಾಸನೆ ಹಿಡ್ಕೊಂಡು ಹೋಗಿ ಹುಡುಕಿದೆ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಯಸ ಬಡಿಸುತ್ತಿದ್ದ ನಾನು ಪಾತ್ರೆ ಕೆಳಗಿಟ್ಟೆ.

"ನಾನು ಕಳೆದುಹೋಗ್ಲಿಲ್ಲ. ನಮ್ಮೂರಿನ ವಾಸನೆ ನಿಮಗೆ ಆಗ್ಲಿಲ್ಲ ಅಂತ ನನ್ನನ್ನ ಬಿಟ್ಟು ಹೋದ್ರಿ. ಮೂರು ಗಂಟೆ."

ನಗು ನಿಂತಿತು. ಕಾಲೇಜಿನಿಂದ ಬಂದಿದ್ದ ಮಗಳು ಅಪ್ಪನ ಮುಖ ನೋಡಿ, "ಡ್ಯಾಡ್, ಈಸ್ ದಟ್ ಟ್ರೂ?" ಎಂದಳು. ಅವರು ರಿಮೋಟ್ ಹುಡುಕತೊಡಗಿದರು. ಅತಿಥಿಗಳು ನಾಳೆ ಬೇಗ ಏಳಬೇಕೆಂದು ಒಬ್ಬೊಬ್ಬರಾಗಿ ಹೊರಟರು.

ಮರುದಿನ ಬೆಳಿಗ್ಗೆ ನನ್ನ ಗಂಡ, "ಎಲ್ಲರ ಎದುರಿಗೆ ಹಾಗೆ ಹೇಳ್ಬೇಕಿತ್ತಾ?" ಎಂದರು.

"ಎಲ್ಲರ ಎದುರಿಗೆ ಹಾಗೆ ನಗಿಸ್ಬೇಕಿತ್ತಾ?"

ಕಾಫಿ ಕುಡಿದು ಮುಗಿಸಿ, "ತಪ್ಪಾಯ್ತು" ಎಂದರು, ಖಾಲಿ ಲೋಟವನ್ನೇ ನೋಡುತ್ತ. ಕೇಳಿಸಿಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.