ಬೇಸ್ ತಪ್ಪಲಿಲ್ಲ

ಸಿದ್ದರಾಜು, ಆವತ್ತು ತಪ್ಪಿದವನು ನಾನು. ನೀನಲ್ಲ. ಬರೀ ತಪ್ಪಿದ್ದಷ್ಟೇ ಆಗಿದ್ದರೆ ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಬೇಕಿರಲಿಲ್ಲ — ವಾದ್ಯ ಹಿಡಿದವರಲ್ಲಿ ತಪ್ಪದವರು ಯಾರಿದ್ದಾರೆ? ನಾನು ಮಾಡಿದ್ದು ಅದಕ್ಕಿಂತ ಕೀಳು ಕೆಲಸ. ನನ್ನ ತಪ್ಪನ್ನು ನಿನ್ನದೆಂದು ಹೇಳಿದೆ, ನಿನ್ನ ಒಳ್ಳೆಯತನವನ್ನು ನನ್ನದೆಂದು ಹೇಳಿಕೊಂಡೆ. ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದೆ.

ಈ ಕಾಗದವನ್ನು ನೀನೊಬ್ಬನೇ ಅಲ್ಲ, ಬೇರೆಯವರೂ ಓದಲಿ ಎಂದು ಬರೆಯುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳಬೇಕು. ನಾನು ತೆರಕಣಾಂಬಿಯ ನಂಜುಂಡ. ಗುಂಡ್ಲುಪೇಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ, ರಜೆಯ ದಿನ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ಬಾರಿಸುವವನು. ನೀನು ಉಮ್ಮತ್ತೂರಿನವನು. ವಾರವಿಡೀ ಅವರಿವರ ಹೊಲದಲ್ಲಿ ದುಡಿದು, ಭಾನುವಾರ ಬೇಸ್ ಗಿಟಾರನ್ನು ನಿಮ್ಮವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಚಾಮರಾಜನಗರಕ್ಕೆ ಬರುತ್ತಿದ್ದೆ. ತಂಡ ಕಟ್ಟಿದವರು ಶಿವಮಲ್ಲು ಮೇಷ್ಟ್ರು — ಕೀಬೋರ್ಡ್ ಅವರದು, ವ್ಯಾನ್ ಅವರದು, ಕೋಪವೂ ಅವರದೇ.

ಬೇಸ್ ಅಂದರೇನು ಎಂದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತಿತ್ತು? ಮಾಮೂಲಿ ಗಿಟಾರಿಗೆ ಆರು ತಂತಿ, ಅದಕ್ಕೆ ನಾಲ್ಕೇ. "ಮಿಕ್ಕಿದ್ ಎಲ್ಡ್ ತಂತಿ ಕಿತ್ತೋದೊ?" ಎಂದು ಮದುವೆ ಮನೆಗಳಲ್ಲಿ ಕೇಳುತ್ತಿದ್ದರು. "ಊ ಕಣಣ್ಣ, ಕಿತ್ತೋದೊ" ಎಂದು ನೀನು ನಗುತ್ತಿದ್ದೆ. ಹಾಡುವವರಿಗೆ ಶಿಳ್ಳೆ, ನನ್ನ ಪ್ಯಾಡಿಗೆ ಕುಣಿತ, ನಿನಗೆ ಏನೂ ಇಲ್ಲ. ನಾವು ನುಡಿಸಿದ ಮದುವೆಗಳ ಆಲ್ಬಮ್ಮುಗಳಲ್ಲಿ ಹುಡುಕಿದರೆ ನಿನ್ನದೊಂದು ಮೊಣಕೈ ಸಿಕ್ಕೀತು. ಅದಕ್ಕೆ ನೀನು ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಮೂರನೇ ವಾರಕ್ಕೇ ಗಿಟಾರ್ ಬಿಸಾಡುತ್ತಿದ್ದೆ.

ನಿನಗೊಂದು ಅಭ್ಯಾಸವಿತ್ತು. ನುಡಿಸುವಾಗ ನೀನು ನಿನ್ನ ತಂತಿಗಳನ್ನು ನೋಡುತ್ತಿರಲಿಲ್ಲ, ಜನರನ್ನೂ ನೋಡುತ್ತಿರಲಿಲ್ಲ. ನನ್ನ ಬಲಗೈಯನ್ನು ನೋಡುತ್ತಿದ್ದೆ. ಒಂದು ದಿನ ರೇಗಿ ಕೇಳಿಯೇಬಿಟ್ಟೆ — "ನನ್ ಕೈಲಿ ಏನೈತ್ಲಾ, ಅಂಗ್ ನೋಡ್ತೀಯ?"

"ನೀ ಹೊಡ್ಯಾಕ್ ಮುಂಚೆ ನಿನ್ ಕೈ ಏಳ್ತದೆ ಕಣ್ಲಾ. ಅದ ನೋಡ್ಕಂಡ್ರೆ ಸಾಕು. ಬಿದ್ರೆ ಇಬ್ರೂ ಒಟ್ಗೇ ಬೀಳ್ತೀವಿ."

ಆಗ ನಕ್ಕೆ. ಈಗ ಆ ಮಾತು ನೆನಪಾದರೆ —

ಆ ದಿನಕ್ಕೆ ಬರುತ್ತೇನೆ. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯವರ ರಾಜ್ಯೋತ್ಸವ. ಹಾಡಹಗಲು, ಶಾಮಿಯಾನದ ಕೆಳಗೆ ಕಾರ್ಮಿಕರು, ಮುಂದಿನ ಸಾಲಿನ ಕುಷನ್ ಕುರ್ಚಿಗಳಲ್ಲಿ ಸಾಹೇಬರು. ಹಾಡಲು ಮೈಸೂರಿನಿಂದ ಒಬ್ಬ ಗಾಯಕಿ ಬಂದಿದ್ದರು. ಅದಕ್ಕೆ ಒಂದು ವಾರ ಹಿಂದೆ ಮೇಷ್ಟ್ರು ನನಗೊಬ್ಬನಿಗೇ ಎಚ್ಚರಿಕೆ ಕೊಟ್ಟಿದ್ದರು. ಆ ತಿಂಗಳಲ್ಲಿ ಎರಡು ಸಲ ನನ್ನ ಲಯ ಮುಂದೋಡಿತ್ತು. "ಇನ್ನೊಂದ್ ಸಲ ಓಡುದ್ರೆ ಪ್ಯಾಡ್ನ ನಂಜನಗೂಡೋರ್ ಕೈಗ್ ಕೊಟ್ಬುಡ್ತೀನಿ" ಎಂದಿದ್ದರು. ನಂಜನಗೂಡಿನಲ್ಲಿ ಒಬ್ಬನ ಜೊತೆ ಮಾತಾಡಿಯೂ ಆಗಿತ್ತೆಂದು ನನಗೆ ಗೊತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೆದರಿದ್ದೆ, ಅಷ್ಟೆ.

ಕೊನೆಯಲ್ಲೊಂದು ನಿಧಾನದ ಹಾಡು. ಅದರ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ನಿಲ್ಲುತ್ತವೆ, ಗಾಯಕಿಯ ದನಿ ಒಂದೇ ಉಳಿಯುತ್ತದೆ. ಮನಸ್ಸಿನಲ್ಲೇ ನಾಲ್ಕು ಎಣಿಸಬೇಕು, ಐದಕ್ಕೆ ಎಲ್ಲರೂ ಒಟ್ಟಿಗೆ ಹೊಸ ಸ್ವರಕ್ಕೆ ಬೀಳಬೇಕು. ನಾನು ನಾಲ್ಕಕ್ಕೇ ಹೊಡೆದೆ.

ನೀನು ನನ್ನ ಕೈ ಎದ್ದದ್ದನ್ನು ನೋಡಿದೆ. ಎಣಿಕೆ ತಪ್ಪಿದೆ ಎಂದು ನಿನಗೆ ಗೊತ್ತಿತ್ತು — ನಿನಗೆ ಗೊತ್ತಾಗದ ಎಣಿಕೆಯೇ ಇರಲಿಲ್ಲ. ಮೇಷ್ಟ್ರ ಜೊತೆ ಸರಿಯಾದ ಜಾಗದಲ್ಲಿ ನಿಂತುಬಿಡಬಹುದಿತ್ತು. ಆಗ ಪ್ಯಾಡ್ ಒಂದು ಕಡೆ, ಹಾಡು ಒಂದು ಕಡೆ ಆಗಿ, ನನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. ನೀನು ನಿಲ್ಲಲಿಲ್ಲ. ನನ್ನ ಜೊತೆ ಧುಮುಕಿದೆ. ನಾವಿಬ್ಬರೂ ಒಂದಾದ ಮೇಲೆ ಮಿಕ್ಕವರು ತಡಬಡಿಸಿಕೊಂಡು ನಮ್ಮ ಹಿಂದೆ ಬಂದರು, ಎರಡು ಆವರ್ತದಲ್ಲಿ ಹಾಡು ನೆಟ್ಟಗಾಯಿತು.

ಆದರೆ ಒಂದು ವಿಷಯ ಇದೆ. ಪ್ಯಾಡಿನ ಏಟಿಗೆ ಸ್ವರವಿಲ್ಲ. ಅದು ಮುಂಚೆ ಬಂದರೆ ಏನೋ ಅಲಂಕಾರ ಮಾಡಿದ ಅಂದುಕೊಳ್ಳುತ್ತಾರೆ. ಬೇಸ್‌ಗೆ ಸ್ವರ ಇದೆ. ಆ ದಪ್ಪ ಸ್ವರ ಗಾಯಕಿಯ ದನಿಯ ಕೆಳಗೆ ಬರಬಾರದ ಹೊತ್ತಿಗೆ ಬಂದು ಸ್ಪೀಕರುಗಳಲ್ಲೆಲ್ಲ ಕೇಳಿಸಿತು. ಆಕೆ ಗಕ್ಕನೆ ತಿರುಗಿ ನಿನ್ನನ್ನು ನೋಡಿದರು. ಸಾಹೇಬರೂ ನೋಡಿದರು. ಅಷ್ಟು ವರ್ಷಗಳಲ್ಲಿ ಜನ ನಿನ್ನ ಬೇಸನ್ನು ಕೇಳಿಸಿಕೊಂಡದ್ದು ಅದೊಂದೇ ಸಲ ಇರಬೇಕು.

ಕಾರ್ಯಕ್ರಮ ಮುಗಿದು ವೇದಿಕೆಯ ಹಿಂದೆ ಊಟ. ನೀನು ಎಂದಿನಂತೆ ಎಲ್ಲರ ವೈರುಗಳನ್ನೂ ಸುತ್ತುತ್ತಿದ್ದೆ, ನನ್ನವನ್ನೂ. ಮೇಷ್ಟ್ರು ವಿಡಿಯೋದವನ ಕ್ಯಾಮೆರಾದಲ್ಲಿ ಆ ಜಾಗವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಯಾರ್ಲಾ ಮೊದ್ಲು ಬಂದದ್ದು? ನೀನಾ, ಅವ್ನಾ?"

ನನ್ನ ಬಾಯಿ ತುಂಬ ಮೊಸರನ್ನ. ನುಂಗುವಷ್ಟು ಹೊತ್ತು ಸಿಕ್ಕಿತ್ತು — ಯೋಚನೆ ಮಾಡಲು ಅದು ಕಡಿಮೆ ಹೊತ್ತಲ್ಲ. ನುಂಗಿಕೊಂಡು ಹೇಳಿದೆ:

"ಅವ್ನು ಜಾರ್ಬುಟ್ಟ ಮೇಷ್ಟ್ರೆ. ನಾನು ಅವನ್ ಹಿಂದೇ ಓಗಿ ಇಡ್ಕಂಡೆ."

ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿನ್ನಿಂದ ಮಾನ ಉಳೀತು ಕಣ್ಲಾ" ಎಂದರು. ನನಗೆ ಸಂತೋಷವಾಯಿತು, ಸಿದ್ದರಾಜು. ಅದನ್ನೂ ಹೇಳಿಬಿಡಬೇಕು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷವೇ.

ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ವ್ಯಾನ್ ನಿಂತಾಗ ಮೇಷ್ಟ್ರು ತಿರುಗದೆಯೇ ಹೇಳಿದರು — "ಸಿದ್ದ, ಇನ್ಮೇಲ್ ಬರ್ಬೇಡ. ಬೇಸ್ನ ಕೀಬೋರ್ಡ್‌ನಾಗೇ ಒತ್ಕತೀನಿ." ನೀನು ನನ್ನನ್ನು ನೋಡಿದೆ. ನಾನು ಬ್ಯಾಗಿನಲ್ಲಿ ಏನನ್ನೋ ಹುಡುಕಿದೆ. ಹುಡುಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಬತ್ತೀನಿ ಮೇಷ್ಟ್ರೆ" ಎಂದು ನೀನು ಸೀರೆ ಸುತ್ತಿದ ಗಿಟಾರನ್ನು ಎದೆಗವಚಿಕೊಂಡು ಇಳಿದೆ.

ಎರಡು ವರ್ಷದ ಮೇಲೆ ಬಸ್ಸಿನಲ್ಲಿ ನೀನು ಸಿಕ್ಕಿದೆ. ಬದನಗುಪ್ಪೆಯಲ್ಲೇ ಒಂದು ಕಾರ್ಖಾನೆಗೆ ಸೇರಿದ್ದೆ, ನೀಲಿ ಅಂಗಿ ತೊಟ್ಟಿದ್ದೆ. ನುಡಿಸುತ್ತೀಯಾ ಎಂದು ಕೇಳಿದರೆ ಬಿಟ್ಟುಬಿಟ್ಟೆ ಎಂದೆ. ಆಮೇಲೆ ಕಡ್ಲೆಕಾಯಿ ಬಿಡಿಸುತ್ತ ನೀನೇ ಹೇಳಿದೆ —

"ಆವತ್ ಮೇಷ್ಟ್ರು ನಿನ್ನ ಒಂದ್ ಮಾತ್ ಕೇಳ್ಬುಟ್ಟಿದ್ರೆ ಸಾಕಿತ್ತು ಕಣ್ಲಾ. ಕೇಳ್ಲಿಲ್ಲ ಅಲ್ವಾ?"

"ಇಲ್ಲ ಕಣ್ಲಾ. ಕೇಳ್ಲಿಲ್ಲ."

"ಓಗ್ಲಿ ಬುಡು" ಎಂದು ನಿನ್ನ ಕೈಯಲ್ಲಿದ್ದ ಕಡ್ಲೆಕಾಯಿಯಲ್ಲಿ ಅರ್ಧ ನನಗೆ ಸುರಿದೆ. ನಾನು ತಿಂದೆ. ಮೊದಲನೆಯ ಸುಳ್ಳನ್ನು ಹೆದರಿಕೆಯಲ್ಲಿ ಹೇಳಿದ್ದೆ ಎನ್ನಬಹುದು. ಈ ಎರಡನೆಯದನ್ನು — ನೀನು ಎರಡು ವರ್ಷ ನನ್ನ ಮೇಲೆ ನಂಬಿಕೆ ಇಟ್ಟುಕೊಂಡೇ ಕೂತಿದ್ದೆ, ಅದನ್ನು ನೋಡಿ ನೋಡಿಯೂ ಹೇಳಿದೆ.

ಆಮೇಲೆ ಮೇಷ್ಟ್ರು ಆ ಕತೆಯನ್ನು ಎಲ್ಲೆಲ್ಲೂ ಹೇಳತೊಡಗಿದರು. ಬಿದ್ದ ಹಾಡನ್ನು ಹಿಡಿದೆತ್ತಿದ ನಂಜುಂಡ ಎಂದು ನನಗೆ ಹೆಸರೇ ಬಂತು. ಹಾಗೆ ಹೆಸರಾದವನು ತಪ್ಪುವ ಹಾಗಿಲ್ಲವಲ್ಲ, ನಾನು ಜೀವ ಹಿಡಿದುಕೊಂಡು ಎಣಿಸತೊಡಗಿದೆ. ಪ್ರತಿ ಹಾಡಿನಲ್ಲೂ ನೀನು ನಿಲ್ಲುತ್ತಿದ್ದ ಎಡಗಡೆಗೆ ತಿರುಗಿ ನೋಡುತ್ತಿದ್ದೆ. ಅಲ್ಲಿ ಖಾಲಿ ಜಾಗ.

ಈಗ ತಂಡದಲ್ಲಿ ಕೀಬೋರ್ಡೂ ಇಲ್ಲ. ಎಲ್ಲ ವಾದ್ಯಗಳನ್ನೂ ಮೊದಲೇ ಮುದ್ರಿಸಿಟ್ಟ ಟ್ರ್ಯಾಕನ್ನು ಲ್ಯಾಪ್‌ಟಾಪಿನಿಂದ ಹಾಕುತ್ತಾರೆ, ಅದರ ಮೇಲೆ ನಾನು ಬಾರಿಸುತ್ತೇನೆ. ಹೋದ ವರ್ಷ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ಅದೇ ಹಾಡು ಬಂತು, ಅದೇ ಜಾಗ ಬಂತು, ನಾನು ಮತ್ತೆ ನಾಲ್ಕಕ್ಕೇ ಹೊಡೆದೆ. ಯಂತ್ರದ ಬೇಸ್ ತನ್ನ ಪಾಡಿಗೆ ಐದಕ್ಕೇ ಬಂತು. ತಪ್ಪು ಮಾಡಲಿಲ್ಲ, ಕಾಯಲೂ ಇಲ್ಲ. ನಾನು ಕೋಲು ಮೇಲೆತ್ತಿಕೊಂಡು ಸುಮ್ಮನೆ ನಿಂತೆ, ಹಾಡು ನನ್ನನ್ನು ಬಿಟ್ಟು ಹೋಯಿತು. ಊಟಕ್ಕೆ ಕೂತಿದ್ದವರು ಯಾರೂ ಗಮನಿಸಲಿಲ್ಲ. ಅಷ್ಟು ಜನರ ಮಧ್ಯೆ ಅಷ್ಟು ಒಂಟಿ ಎನಿಸಿದ್ದು ನನಗೆ ಹಿಂದೆಂದೂ ಇಲ್ಲ.

ಮದುವೆಯಾಗಲಿಲ್ಲ ನಾನು, ನಿನಗೆ ಗೊತ್ತು. ಊಟಿ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೊಂದು ರೂಮು. ಕೆಳಗೆ ಕೇರಳದ ಕಾರುಗಳು ಹೋಗುತ್ತಲೇ ಇರುತ್ತವೆ, ಒಂದೂ ನನ್ನನ್ನು ಹುಡುಕಿಕೊಂಡು ನಿಲ್ಲುವುದಿಲ್ಲ. ಸಂಜೆ ಹೊತ್ತು ನಮ್ಮ ಹಳೆಯ ಕಾರ್ಯಕ್ರಮಗಳ ಸಿ.ಡಿ. ಹಾಕಿಕೊಂಡು ಬೇಸ್ ಜೋರು ಮಾಡುತ್ತೇನೆ. ನಾನು ಸ್ವಲ್ಪ ಓಡಿದ ಕಡೆ ನೀನೂ ಸ್ವಲ್ಪ ಓಡಿದ್ದೀಯ. ಎಳೆದ ಕಡೆ ಎಳೆದಿದ್ದೀಯ. ನನ್ನ ಲಯ ಗಟ್ಟಿ ಎಂದು ಜನ ಹೊಗಳುತ್ತಿದ್ದರಲ್ಲ, ಅದು ನನ್ನದಾಗಿರಲಿಲ್ಲ. ಒಳ್ಳೆಯ ಬೇಸ್ ವಾದಕ ಅಂದರೆ ಯಾರಣ್ಣ ಎಂದು ತಂಡಕ್ಕೆ ಹೊಸದಾಗಿ ಬಂದವರು ಕೇಳಿದರೆ ಬೆರಳು, ಕಿವಿ, ಸಾಧನೆ ಎಂದೇನೋ ಒದರುತ್ತೇನೆ. ಗೊತ್ತಿರುವ ಉತ್ತರ ಬೇರೆ. ಪಕ್ಕದವನು ತಪ್ಪಿದಾಗ ತಾನೊಬ್ಬನೇ ಸರಿಯಾಗಿ ಉಳಿದುಕೊಳ್ಳದವನು. ಅದನ್ನು ಹೇಳಿದರೆ ನಿನ್ನ ಹೆಸರನ್ನೂ ಹೇಳಬೇಕಾಗುತ್ತದೆ.

ಹೋದ ತಿಂಗಳು ಮೇಷ್ಟ್ರಿಗೆ ಎಪ್ಪತ್ತು ತುಂಬಿತೆಂದು ಚಾಮರಾಜನಗರದಲ್ಲಿ ಸನ್ಮಾನ ಇಟ್ಟಿದ್ದರು. ಹಳೆಯ ಕಲಾವಿದರಿಗೂ ಶಾಲು. ನಿನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ನೀನು ಬಂದಿದ್ದೆ. ಮೊದಲ ಶಿಫ್ಟ್ ಮುಗಿಸಿ, ಅದೇ ನೀಲಿ ಅಂಗಿಯಲ್ಲಿ, ಕೊನೆಯ ಸಾಲಿನಲ್ಲಿ. ವೇದಿಕೆಯ ಮೇಲಿಂದ ನಾನು ನಿನ್ನನ್ನು ನೋಡುವ ಹೊತ್ತಿಗೆ ಮೇಷ್ಟ್ರು ಮೈಕ್ ಹಿಡಿದಾಗಿತ್ತು. "ಬದನಗುಪ್ಪೇಲಿ ಏನಾಯ್ತು ಅಂದ್ರೆ, ಬೇಸ್‌ನವ್ನು ಜಾರ್ಬುಟ್ಟ. ನಾನ್ ಕೇಳ್ದೆ, ಯಾರ್ಲಾ ಮೊದ್ಲು ಬಂದದ್ದು ಅಂತ. ಆಗ ನಮ್ ನಂಜುಂಡ..." ಎಂದು ಒಂದಕ್ಷರ ಬಿಡದೆ ಹೇಳಿದರು. ಅವರು ನನ್ನನ್ನು ಕೇಳಿದ್ದರೆಂದು ನಿನಗೆ ತಿಳಿದದ್ದು ಆಗಲೇ. ಜನ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ, ಎಲ್ಲರೂ ನಿಲ್ಲಿಸಿದ ಮೇಲೆ ಇನ್ನೆರಡು ಸಲ. ಆಗಲೂ ನೀನು ನನ್ನ ಮುಖ ನೋಡಲಿಲ್ಲ. ಬಲಗೈ ನೋಡುತ್ತಿದ್ದೆ. ಅದರಲ್ಲಿ ಹಣ್ಣಿನ ಬುಟ್ಟಿ ಇತ್ತು. ನಾನು ಇಳಿದು ಬರುವಷ್ಟರಲ್ಲಿ ನಿನ್ನ ಕುರ್ಚಿ ಖಾಲಿ.

ಮೂರು ದಿನ ನಿದ್ದೆ ಬರಲಿಲ್ಲ. ನಾಲ್ಕನೇ ದಿನ ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದರು — "ಯಾರ್ಲಾ ಮೊದ್ಲು ಬಂದದ್ದು?"

"ನಾನು ಮೇಷ್ಟ್ರೆ. ಅವ್ನು ನನ್ ಹಿಂದ್ ಬಂದ."

"ಇದ ನಂಗ್ಯಾಕ್ಲಾ ಏಳಾಕ್ ಬಂದೆ? ಓಗು. ಅವ್ನಿಗೇಳು."

ಭಾನುವಾರ ಉಮ್ಮತ್ತೂರಿಗೆ ಬಂದೆ. ನಿನ್ನ ಮನೆಯ ಗೇಟಿಗೆ ಚಿಲಕವಿಲ್ಲ, ದಪ್ಪ ತಂತಿಯಿಂದ ಕಟ್ಟಿದ್ದೀಯ. ಅದು ಬೇಸ್ ಗಿಟಾರಿನ ತಂತಿ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಕೈ ಅಲ್ಲೇ ನಿಂತಿತು. ನಿನ್ನ ಹೆಂಡತಿ ಹೊರಗೆ ಬಂದಳು. ನೆಲ ನೋಡುತ್ತ ಹೇಳಿದಳು — "ಒಳ್ಗೇ ಅವ್ರೆ ಕಣಣ್ಣ. ಇಲ್ಲ ಅನ್ನು ಅಂದ್ರು. ನಂಗ್ ಸುಳ್ ಹೇಳಾಕ್ ಬರಲ್ಲ."

ಅಲ್ಲೇ ಹೇಳಿಬಿಡಬೇಕಿತ್ತು. ಒಂದು ಗೋಡೆ ಆಚೆಗೇ ನೀನಿದ್ದೆ. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ ಕೂತು ನನ್ನನ್ನೇ ನೋಡುತ್ತಿದ್ದರು. "ಆಮೇಲ್ ಬತ್ತೀನಿ ಕಣವ್ವ" ಎಂದು ಬಸ್ಸು ಹತ್ತಿದೆ. ಮತ್ತೆ ಹೇಡಿಯಾದೆ.

ಅದಕ್ಕೇ ಬರೆದಿದ್ದೇನೆ. ಇದರ ಒಂದು ಪ್ರತಿ ಮೇಷ್ಟ್ರಿಗೆ, ಆವತ್ತು ಶಾಲು ಹೊದಿಸಿಕೊಂಡ ಎಲ್ಲರಿಗೂ ಒಂದೊಂದು. ನಿನ್ನದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಗೇಟಿನ ತಂತಿಯನ್ನು ಮುಟ್ಟುವುದಿಲ್ಲ. ಹೊರಗೆ ಬೀದಿಯಲ್ಲಿ ನಿಂತು, ಎದುರು ಜಗಲಿಯವರಿಗೂ ಕೇಳುವ ಹಾಗೆ ಜೋರಾಗಿ ಓದುತ್ತೇನೆ. ನೀನು ಹೊರಗೆ ಬರಬೇಡ, ಸಿದ್ದರಾಜು. ಈ ಸಲ ನಾನು ತಪ್ಪಿದ ಜಾಗದಲ್ಲಿ ನಾನೊಬ್ಬನೇ ನಿಂತಿರುತ್ತೇನೆ.