ತಮ್ಮನ ಕೆನ್ನೆಯ ಮೊದಲ ಶಸ್ತ್ರ

ಬಸವಕಲ್ಯಾಣದ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಹೋದ ವರ್ಷ ಒಂದು ಶನಿವಾರ ಪ್ರಾಚೀನ ಗ್ರೀಕರ ಹಬ್ಬಗಳ ಪಾಠ ನಡೆದಿತ್ತು. ಅಥೆನ್ಸಿನಲ್ಲಿ ಹುಡುಗ ವಯಸ್ಸಿಗೆ ಬಂದರೆ ಕೂದಲು ಕತ್ತರಿಸಿ ದೇವರಿಗೆ ಕೊಡುತ್ತಿದ್ದರು. ಸ್ಪಾರ್ಟಾದವರಿಗೆ ಅಷ್ಟು ಸಾಲದು. ಅಲ್ಲಿ ಆರ್ಟೆಮಿಸ್ ದೇವಿಯ ಬಲಿಪೀಠದ ಮುಂದೆ ಹುಡುಗರನ್ನು ರಕ್ತ ಬರುವಂತೆ ಚಾಟಿಯಿಂದ ಹೊಡೆಯುತ್ತಿದ್ದರು. ಪಕ್ಕದಲ್ಲಿ ಪೂಜಾರಿಣಿ ದೇವಿಯ ಪುಟ್ಟ ಮರದ ಮೂರ್ತಿ ಹಿಡಿದು ನಿಲ್ಲುತ್ತಿದ್ದಳು. ಹೊಡೆಯುವವನು ಕನಿಕರಪಟ್ಟು ಕೈ ಸಡಿಲಿಸಿದರೆ, ಮೂರ್ತಿ ಭಾರವಾಗುತ್ತಿದೆ ಎಂದು ಗದರಿಸುತ್ತಿದ್ದಳು.

"ಅಲ್ಲೂ ಗುಗ್ಗಳ ಇತ್ತೇನ್ರಿ ಮೇಡಂ?" ಎಂದ ಹಿಂದಿನ ಬೆಂಚಿನವನೊಬ್ಬ. ಇಡೀ ತರಗತಿ ನಕ್ಕಿತು. ನನಗೆ ಮುಂದಿನ ಸಾಲು ಓದಲಾಗಲಿಲ್ಲ. ರಕ್ತ ಸುರಿಯುವ ಹುಡುಗನ ಪಕ್ಕದಲ್ಲಿ ಒಮ್ಮೆ ನಾನೂ ನಿಂತವಳು. ತಲೆನೋವೆಂದು ಸುಳ್ಳು ಹೇಳಿ ಹೊರಗೆ ಬಂದೆ.

ನನ್ನ ತವರು ಹುಮನಾಬಾದ್, ಮನೆದೇವರು ವೀರಭದ್ರ. ಮನೆಯಲ್ಲಿ ಮದುವೆಯೆಂದರೆ ಮೊದಲು ಗುಗ್ಗಳ: ಉರಿಯುವ ಗಡಿಗೆ ಹೊತ್ತು, ವೀರಭದ್ರನ ವೇಷದಲ್ಲಿ ಕುಣಿಯುವ ಪುರವಂತರನ್ನು ಮುಂದಿಟ್ಟುಕೊಂಡು ಗುಡಿಗೆ ಹೋಗುವುದು. ಮೀಸೆ ಚಿಗುರಿದ ಹುಡುಗನಿದ್ದರೆ ಅಂದೇ ಅವನಿಗೆ ಮೊದಲ ಶಸ್ತ್ರ. ಶಸ್ತ್ರವೆಂದರೆ ದಬ್ಬಣದಂಥ ಬೆಳ್ಳಿ ಸರಳು. ಅದನ್ನು ಕೆನ್ನೆಯಲ್ಲಿ ಚುಚ್ಚಿ ತೆಗೆದು ವಿಭೂತಿ ಒತ್ತುತ್ತಾರೆ. ರಕ್ತ ಬಾರದಿದ್ದರೆ ಹುಡುಗ ಗಂಡಸರ ಸಾಲಿಗೆ ಸೇರಿದ. ಬಂದರೆ ಅದಕ್ಕೆ ಮೊದಲಿನ ಐದು ದಿನದ ಮಡಿ ವ್ರತದಲ್ಲಿ ಎಲ್ಲೋ ತಪ್ಪಿದ್ದಾನೆ ಎಂದೇ ಲೆಕ್ಕ.

ಕಾಕಾನ ಮದುವೆಯ ಗುಗ್ಗಳದಲ್ಲಿ ನನ್ನ ತಮ್ಮನ ಸರದಿ ಬಂತು. ಅವನಿಗೆ ಹದಿನಾರು, ನನಗೆ ಹತ್ತೊಂಬತ್ತು. ಆ ಬೆಳಿಗ್ಗೆ ನಾನು ಮುಟ್ಟಾಗಿದ್ದೆ. ಹೇಳಿದ್ದರೆ ಹಿತ್ತಲ ಕೋಣೆಯಲ್ಲಿ ಕೂರಬೇಕಿತ್ತು, ಹೊಸ ಇಳಕಲ್ ಸೀರೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಸೂತಕವಿಲ್ಲ ಎಂದು ಶರಣರು ಸಾರಿದ ಕಲ್ಯಾಣ ನಮ್ಮೂರಿನಿಂದ ಬಸ್ಸಿಗೆ ಒಂದು ಗಂಟೆಯ ದಾರಿ. ಇಷ್ಟು ಶತಮಾನ ನಡೆದರೂ ಆ ಮಾತು ನಮ್ಮ ಹೊಸ್ತಿಲು ದಾಟಿರಲಿಲ್ಲ. ಯಾರಿಗೂ ಹೇಳದೆ ಸೀರೆ ಉಟ್ಟೆ. ತಮ್ಮ ಹೆದರಿದ್ದ. ಅವನ ನಡುವಿಗೆ ಕೆಂಪು ದಟ್ಟಿಯನ್ನು ನಾನೇ ಬಿಗಿದೆ.

ಶಸ್ತ್ರ ಹಾಕಿದವನು ಮುದಿ ಪುರವಂತ. ಅವನ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಸರಳು ಹೊರಗೆ ಬಂದದ್ದೇ ರಕ್ತ ಚಿಮ್ಮಿತು. ಅವನು ವಿಭೂತಿ ಒತ್ತಿದ, ಮತ್ತೆ ಒತ್ತಿದ, ವಿಭೂತಿಯೆಲ್ಲ ಕೆಂಪು ಕೆಸರಾಯಿತು. ಬಾರಿಸುತ್ತಿದ್ದ ಹಲಗೆಯ ಸದ್ದು ನಿಂತಿತು. ಪುರವಂತನನ್ನು ಯಾರೂ ಏನೂ ಕೇಳಲಿಲ್ಲ.

"ಏನ್ ಮಾಡೀ? ಖರೇ ಹೇಳು," ಎಂದು ಅಪ್ಪ ತಮ್ಮನ ರಟ್ಟೆ ಹಿಡಿದ.

ತಮ್ಮ ನನ್ನ ಕಡೆ ನೋಡಿದ. ಎಲ್ಲ ನನ್ನಿಂದಲೇ ಆಯಿತೆಂದು ಆಗ ನನಗೆ ಖಾತ್ರಿಯಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ನಿಂತೆ, ಉಗುಳಲಿಲ್ಲ, ನುಂಗಲಿಲ್ಲ.

"ಮನ್ನಾಏಖೇಳ್ಳಿ ಬಸ್ ಸ್ಟ್ಯಾಂಡಿನಾಗ ಆಮ್ಲೇಟ್ ತಿಂದೀನಿ ಅಪ್ಪಾ," ಎಂದ ತಮ್ಮ. "ಒಂದೇ ಒಂದು."

ಅಪ್ಪ ಅಷ್ಟು ಜನರ ಮುಂದೆ ಅದೇ ಕೆನ್ನೆಗೆ ಹೊಡೆದ. ಗಾಯ ಕೀವಾಯಿತು. ವ್ರತ ಕೆಡಿಸಿದವನನ್ನು ದೇವರೇ ವಾಸಿ ಮಾಡಲಿ ಎಂದು ಹತ್ತು ದಿನ ದವಾಖಾನೆಗೆ ಒಯ್ಯಲಿಲ್ಲ. ಬಾಯಿಯ ಎಡ ಮೂಲೆ ಜೋತುಬಿತ್ತು, ಇಂದಿಗೂ ಹಾಗೆಯೇ ಇದೆ. ಮುಂದೆ ಅವನ ಮದುವೆಯ ಮಾತು ಬಂದಾಗಲೆಲ್ಲ, "ಗುಗ್ಗಳಕ್ಕ ನಾ ಹ್ಯಾಂಗ ನಿಲ್ಲಲಿ? ದೇವ್ರು ನನ್ನ ಒಲ್ಲೆ ಅಂದಾನ," ಎನ್ನುತ್ತಿದ್ದ. ನಾನು ಓದಿದೆ, ಮದುವೆಯಾದೆ, ನೌಕರಿ ಹಿಡಿದೆ. ಅವನು ಹಿಟ್ಟಿನ ಗಿರಣಿ ಹಾಕಿಕೊಂಡು ಒಬ್ಬನೇ ಉಳಿದ. ಹೋದಾಗಲೆಲ್ಲ ನಾನು ಅವನ ಬಲಗಡೆಗೇ ಕೂರುತ್ತಿದ್ದೆ, ಎಡಗೆನ್ನೆ ಕಾಣದಿರಲಿ ಎಂದು. ಛೀ, ನನ್ನ ಜನ್ಮಕ್ಕಿಷ್ಟು!

ಪಾಠ ಅರ್ಧಕ್ಕೆ ನಿಂತ ಮರುದಿನ ಹುಮನಾಬಾದಿನ ಬಸ್ಸು ಹತ್ತಿದೆ. ಭಾನುವಾರವಾದ್ದರಿಂದ ಗಿರಣಿ ಬಂದ್ ಇತ್ತು. ಅವನು ಸವೆದ ಬೀಸುವ ಕಲ್ಲನ್ನು ಕೆಳಗಿಳಿಸಿ, ಹಲ್ಲು ಮೂಡಲೆಂದು ಉಳಿಯಿಂದ ಹೊಡೆಯುತ್ತ ಕೂತಿದ್ದ. ಇಪ್ಪತ್ತಾರು ವರ್ಷ ಬಚ್ಚಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ಉಳಿ ಕೆಳಗಿಟ್ಟ.

"ಹಂಗಾರ ಅದು ನಿನ್ನಿಂದ ಆತೇನು?"

"ಅಲ್ಲೋ. ಅವತ್ತ ನಾ ಹಂಗ ತಿಳಕೊಂಡಿದ್ದೆ. ನಿನ್ನ ಆಮ್ಲೇಟೂ ಅಲ್ಲ, ನನ್ನ ಮುಟ್ಟೂ ಅಲ್ಲ. ಮುದುಕನ ಕೈ ತಪ್ಪಿ ಸರಳು ನರಕ್ಕ ತಾಗಿತು. ಅಷ್ಟೇ."

ಅವನು ಬಾಯಿಯ ಮೂಲೆಯಿಂದ ಇಳಿದ ಜೊಲ್ಲನ್ನು ಟವೆಲಿನಿಂದ ಒರೆಸಿಕೊಂಡ. ಅವನಿಗೆ ಸಮಾಧಾನವಾದೀತು ಎಂದುಕೊಂಡು ಬಂದಿದ್ದೆ. ನಿಜ ಹೇಳಬೇಕೆಂದರೆ ನನ್ನ ಸಮಾಧಾನಕ್ಕೇ ಬಂದಿದ್ದೆ.

"ಇಷ್ಟು ವರ್ಷ ನನ್ನ ತಪ್ಪಿಗಿ ದೇವ್ರು ಕೊಟ್ಟ ಶಿಕ್ಷಾ ಅಂತ ತಡಕೊಂಡೆ ಅಕ್ಕಾ," ಎಂದ. "ನನ್ನ ತಪ್ಪೇ ಇಲ್ಲಂದ್ರ, ನಾ ಹಿಂಗ್ಯಾಕ ಬದುಕಿದೆ?"