ಎಕ್ಸ್ ವೈ ಝಡ್ ಎಂಬ ಊರಿನ ಬಸ್ಸು

ನಮ್ಮ ಇಂಗ್ಲಿಷ್ ಪೇಪರಿನಲ್ಲಿ ಎಲ್ಲರ ಹೆಸರೂ ಎ ಬಿ ಸಿ, ಎಲ್ಲರ ಊರೂ ಎಕ್ಸ್ ವೈ ಝಡ್. ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಡಿಗ್ರಿ ಓದುವವರೆಲ್ಲ ಪಾಸು ಮಾಡಲೇಬೇಕಾದ ಪೇಪರು ಅದು. ಅರ್ಧ ವ್ಯಾಕರಣ, ಅರ್ಧ ರಚನೆ. ರಚನೆ ಎಂದರೆ ಹೆಚ್ಚುಕಡಿಮೆ ಪತ್ರಗಳೇ. ರಜೆ ಕೇಳಿ ಪ್ರಿನ್ಸಿಪಾಲರಿಗೆ, ಬೀದಿದೀಪ ಕೆಟ್ಟಿದೆಯೆಂದು ಪಂಚಾಯ್ತಿಗೆ, ಬಸ್ಸು ಬೇಕೆಂದು ಡಿಪೋ ಮ್ಯಾನೇಜರಿಗೆ. ಗೈಡಿನಲ್ಲಿ ಎಲ್ಲವೂ ಸಿದ್ಧವಾಗಿದ್ದವು. ನಾವು ಉರು ಹೊಡೆಯುತ್ತಿದ್ದೆವು, ಮೇಷ್ಟ್ರು ಒಪ್ಪಿಸಿಕೊಳ್ಳುತ್ತಿದ್ದರು.

ನಾನು ಗುಂಡ್ಲುಪೇಟೆಯವನು. ಅಪ್ಪ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು. ಹೈಸ್ಕೂಲಿನಿಂದಲೂ ನನಗೆ ಚರ್ಚಾಸ್ಪರ್ಧೆಯ ಹುಚ್ಚು. ಬೇಗೂರಿನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ, ವಿದ್ಯಾರ್ಥಿಗಳಿಗೆ ಮೊಬೈಲ್ ಬೇಕು ಎಂದು ಮಾತಾಡಲು ತಯಾರಾಗಿ ಹೋಗಿದ್ದೆ. ಚೀಟಿ ಎತ್ತಿದರೆ ‘ವಿರೋಧ’ ಬಂತು. ಬೇಡವೆಂದು ಐದು ನಿಮಿಷ ಮಾತಾಡಿ ಕಪ್ ತಂದೆ. ಅಲ್ಲಿಂದಾಚೆ ನಾನು ಏನು ನಂಬುತ್ತೇನೆ ಎನ್ನುವುದಕ್ಕಿಂತ ಯಾವುದನ್ನು ಗೆಲ್ಲಿಸಬಲ್ಲೆ ಎನ್ನುವುದೇ ಮುಖ್ಯವಾಯಿತು. ಆಗ ಇದು ಕೆಟ್ಟ ಅಭ್ಯಾಸ ಅನಿಸಿರಲಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಡಿಪೋ ಮ್ಯಾನೇಜರಿಗೆ ಬರೆಯುವ ಪತ್ರವನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದರು. ಹೆಸರಿನ ಜಾಗದಲ್ಲಿ ಎ ಬಿ ಸಿ ಯಾಕೆ ಸರ್ ಎಂದು ಕೇಳಿದೆ. ಪರೀಕ್ಷೆಯಲ್ಲಿ ನಿಜವಾದ ಹೆಸರು ಬರೆಯುವ ಹಾಗಿಲ್ಲ, ಬರೆದರೆ ಪೇಪರು ನೋಡುವವರಿಗೆ ಗುರುತು ಕೊಟ್ಟಂತೆ, ಅಷ್ಟೇ ಕಣಯ್ಯ ಎಂದರು. ಉತ್ತರ ಸರಿಯಾಗಿತ್ತು. ನಾನು ಕೂರಬಹುದಿತ್ತು. ಕೂರಲಿಲ್ಲ.

“ಪತ್ರ ಬರಿಯೋದು ಉತ್ತರ ಬರ್ಲಿ ಅಂತ ಸರ್. ಹೆಸರಿಲ್ಲ, ಊರಿಲ್ಲ ಅಂದ್ರೆ ಉತ್ತರ ಯಾರಿಗೆ ಬರುತ್ತೆ? ಮ್ಯಾನೇಜರು ಬಸ್ಸನ್ನ ಎಲ್ಲಿಗೆ ಕಳಿಸ್ತಾರೆ, ಎಕ್ಸ್ ವೈ ಝಡ್‌ಗಾ?”

ಕ್ಲಾಸು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, “ಬುಡ್ಲಾ, ಇಲ್ಲೇನ್ ಕಪ್ ಕೊಟ್ಟಾರಾ” ಎಂದ. ನಾನು ಇನ್ನೂ ಎರಡು ನಿಮಿಷ ಎಳೆದೆ. ಸುಳ್ಳು ಹೆಸರಿನಲ್ಲಿ ನಿಜವಾದ ಭಾಷೆ ಬರುವುದಿಲ್ಲ ಎಂದು ಏನೇನೋ ಹೇಳಿದೆ. ಅಷ್ಟರಲ್ಲಿ ತಡವಾಗಿ ಬಂದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತು ಒಳಗೆ ಬರಲು ಕಾಯುತ್ತಿದ್ದಳು. ಮೇಷ್ಟ್ರು ಮೊದಲೇ ಕೊಟ್ಟಿದ್ದ ಉತ್ತರ ಅವಳ ಕಿವಿಗೆ ಬಿದ್ದಿರಲಿಲ್ಲ. ನನ್ನ ಭಾಷಣ ಮಾತ್ರ ಬಿತ್ತು.

ಅವಳು ನಮಗಿಂತ ಒಂದು ವರ್ಷ ಹಿರಿಯಳು. ಈ ಪೇಪರಿನಲ್ಲಿ ಎರಡು ಸಲ ಬಿದ್ದು, ಮೇಷ್ಟ್ರನ್ನು ಕೇಳಿಕೊಂಡು ನಮ್ಮ ಜೊತೆ ಕೂರುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳದು ಉಮ್ಮತ್ತೂರಿಗೂ ಚಾಮರಾಜನಗರ ಟೌನಿಗೂ ನಡುವೆ ಇರುವ ಒಂದು ಸಣ್ಣ ಊರು. ಉಮ್ಮತ್ತೂರಿನಲ್ಲೇ ತುಂಬಿ ಬರುವ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಟೌನಿಗೆ ಬರಲು ಅವಳು ಟೌನಿಗೆ ಬೆನ್ನು ಹಾಕಿ ಉಮ್ಮತ್ತೂರಿಗೆ ನಡೆದು, ಅಲ್ಲಿ ಹತ್ತಿ, ತನ್ನ ಊರನ್ನು ಕಿಟಕಿಯಲ್ಲಿ ನೋಡುತ್ತ ಬರುತ್ತಿದ್ದಳು. ಮನೆಯಲ್ಲಿ ಅಣ್ಣನ ಮಾತೇ ನಡೆಯುವುದು. ಅವನು ಹೇಳಿಬಿಟ್ಟಿದ್ದ, ಇದೊಂದು ಸಲ ಪರೀಕ್ಷೆ ಕಟ್ಟು, ಪಾಸಾದರೆ ಬಿ.ಎಡ್., ಇಲ್ಲದಿದ್ದರೆ ಬಂದ ಗಂಡನ್ನು ಒಪ್ಪಿಕೊ ಎಂದು.

ಕ್ಲಾಸು ಮುಗಿದ ಮೇಲೆ ಹತ್ತಿರ ಬಂದಳು. “ನೀನ್ ಏಳಿದ್ದು ದಿಟ್ವಾ? ನಮ್ಮೂರ್ ಬಸ್ ವಿಸ್ಯಾನೇ ಬರೀಬೋದಾ?”

“ಬರೀಬೋದು ಕಣಕ್ಕ. ಬರೀಲೇಬೇಕು.”

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾರಿಡಾರಿನ ಕಟ್ಟೆಯ ಮೇಲೆ ಕೂತು ಹೇಳಿಕೊಡಲು ಶುರು ಮಾಡಿದೆ. ಅವಳ ಕಷ್ಟ ಏನೆಂದು ಒಂದೇ ದಿನದಲ್ಲಿ ಗೊತ್ತಾಯಿತು. ಗೈಡಿನ ಪತ್ರ ಉರು ಹೊಡೆದು ಹೋಗುತ್ತಿದ್ದಳು. ನಡುವೆ ಒಂದು ಪದ ಜಾರಿದರೆ ಅಲ್ಲಿಗೆ ಎಲ್ಲವೂ ನಿಂತುಹೋಗುತ್ತಿತ್ತು, ಯಾಕೆಂದರೆ ತಾನು ಏನು ಹೇಳುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಗೈಡು ಮುಚ್ಚಿಸಿದೆ. ನಿನ್ನ ಬಸ್ಸಿನ ಬಗ್ಗೆ ಹೇಳು ಎಂದೆ. ಹತ್ತು ದಿನದಲ್ಲಿ ಅವಳ ನೋಟ್‌ಬುಕ್ಕಿನಲ್ಲಿ ಒಂದು ಪತ್ರ ಮೂಡಿತು. ಅವಳಿಗೆ ಗಟ್ಟಿಯಾಗಿ ಬರುತ್ತಿದ್ದುದು ವರ್ತಮಾನಕಾಲ ಒಂದೇ, ಎಲ್ಲವನ್ನೂ ಅದರಲ್ಲೇ ಬರೆದಿದ್ದಳು. ನಮ್ಮ ಊರಿನಲ್ಲಿ ಬಸ್ಸು ನಿಲ್ಲುವುದಿಲ್ಲ. ನಾನು ಕೈ ತೋರಿಸುತ್ತೇನೆ. ಡ್ರೈವರು ನನ್ನನ್ನು ನೋಡುತ್ತಾರೆ. ಬಸ್ಸು ಹೋಗುತ್ತದೆ. ನಾನು ಹಿಂದಕ್ಕೆ ನಡೆಯುತ್ತೇನೆ.

ಆ ಕಾಲೇಜಿನಲ್ಲಿ ನಾನು ಓದಿದ ಒಳ್ಳೆಯ ಇಂಗ್ಲಿಷ್ ಎಂದರೆ ಆ ಐದು ವಾಕ್ಯ. ಕೆಳಗೆ ತನ್ನ ಹೆಸರು, ಊರು, ಅದರ ಕೆಳಗೆ ಫೋನ್ ನಂಬರು.

ನಂಬರ್ ಯಾಕಕ್ಕ ಎಂದೆ.

“ಕಾಗ್ದ ಕಳ್ದೋದ್ರೆ ಫೋನಾರ ಮಾಡ್ಲಿ ಅಂತ ಕಣಪ್ಪ.”

ನಕ್ಕೆ. ಚೆನ್ನಾಗಿದೆ, ಹಾಗೇ ಇರಲಿ ಎಂದೆ. ಪರೀಕ್ಷೆಯಲ್ಲಿ ಮಾತ್ರ ಹೀಗೆ ಬರೆಯಬೇಡ ಎಂದು ಹೇಳಬೇಕಿತ್ತು. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ಮಾತು ಎರಡು ಸಲ ನಾಲಿಗೆಯ ತನಕ ಬಂತು. ಹೇಳಿದರೆ ಮೇಷ್ಟ್ರದೇ ಸರಿ ಎಂದು ಒಪ್ಪಿದಂತಾಗುತ್ತಿತ್ತು. ನನ್ನನ್ನು ಅಷ್ಟು ನಂಬಿ ಕೇಳುವವರು ಅವಳೊಬ್ಬಳೇ ಇದ್ದಳು, ಅವಳ ಮುಂದೆ ಸೋಲಲು ಮನಸ್ಸಾಗಲಿಲ್ಲ.

ಪರೀಕ್ಷೆಯಲ್ಲಿ ಡಿಪೋ ಮ್ಯಾನೇಜರಿಗೆ ಬರೆಯುವ ಪತ್ರವೇ ಬಂತು. ನಾನು ಗೈಡಿನಲ್ಲಿದ್ದದ್ದನ್ನು ಇದ್ದ ಹಾಗೆ ಬರೆದೆ. ಹೆಸರು ಎ ಬಿ ಸಿ. ಊರು ಎಕ್ಸ್ ವೈ ಝಡ್. ಕೈ ಒಂದು ಕ್ಷಣವೂ ತಡೆಯಲಿಲ್ಲ.

ಹೊರಗೆ ಬಂದಾಗ ಅವಳು ಗೇಟಿನ ಹತ್ತಿರ ನಿಂತಿದ್ದಳು. ಅಷ್ಟು ಬೆಳಗಿದ ಅವಳ ಮುಖವನ್ನು ನಾನು ಮೊದಲು ನೋಡಿರಲಿಲ್ಲ. “ನಮ್ಮೂರ್ ಬಸ್ನೇ ಬರ್ದ್ಬುಟ್ಟೆ ಕಣಪ್ಪ. ಒಂದ್ ಪದನೂ ನಿಲ್ಲಿಲ್ಲ. ಎಸ್ರು, ನಂಬ್ರು, ಎಲ್ಲ ಆಕಿವ್ನಿ.” ಒಳ್ಳೇದಾಯ್ತು ಬುಡಕ್ಕ ಎಂದು ಗುಂಡ್ಲುಪೇಟೆ ಬಸ್ಸು ಹಿಡಿದೆ.

ಫಲಿತಾಂಶ ಬಂದಾಗ ಅವಳ ಹೆಸರಿನ ಮುಂದೆ ಅಂಕ ಇರಲಿಲ್ಲ, ತಡೆಹಿಡಿಯಲಾಗಿದೆ ಎಂದಿತ್ತು. ಗುರುತು ಬಹಿರಂಗಪಡಿಸಿದ್ದಕ್ಕೆ ವಿಚಾರಣೆ, ಪೋಷಕರೊಂದಿಗೆ ಬರಬೇಕು ಎಂದು ನೋಟೀಸು ಹೋಯಿತು. ಅಣ್ಣ ಬಂದ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು. ಅವಳು ಕೊಡುವ ಹೇಳಿಕೆ ಇಂಗ್ಲಿಷಿನಲ್ಲಿರಬೇಕಿತ್ತು. ಬರೆದುಕೊಡಲು ಮೇಷ್ಟ್ರು ನನ್ನನ್ನೇ ಕರೆದರು. ಹಾಗೆ ನಾನು ಆ ಕೋಣೆಯೊಳಗೆ ಹೋದೆ.

ಪರೀಕ್ಷಾ ವಿಭಾಗದಿಂದ ಬಂದಿದ್ದ ಅಧಿಕಾರಿ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಫೋನ್ ನಂಬರಿನ ಸುತ್ತ ಕೆಂಪು ಶಾಯಿಯ ಸುತ್ತು. ಅವರು ಕೆಟ್ಟವರೇನಲ್ಲ, ದನಿಯೂ ಏರಲಿಲ್ಲ. ದಿನಕ್ಕೆ ಹತ್ತು ಜನರನ್ನು ಕೇಳುವಂತೆ ಕೇಳಿದರು.

“ಹೆಸರು ಬರ್ದಿದ್ದೀಯ, ಊರು ಬರ್ದಿದ್ದೀಯ, ಸರಿ. ನಂಬರ್ ಯಾಕಮ್ಮ? ಪೇಪರ್ ನೋಡೋರು ಫೋನ್ ಮಾಡ್ಲಿ ಅಂತಾನಾ?”

ಅಂಕ ಕೊಡಿಸಿಕೊಳ್ಳುವ ಉಪಾಯವೇ ಎಂಬುದು ಅವರ ಅನುಮಾನ. ಅಣ್ಣನಿಗೆ ಕೇಳಿಸಿದ್ದು ಬೇರೆ. ಅವನು ಮೆಲ್ಲಗೆ ತಿರುಗಿ ತಂಗಿಯನ್ನು ನೋಡಿದ.

“ಡಿಪೋ ಮ್ಯಾನೇಜರ್ ಮಾಡ್ಲಿ ಅಂತ ಸಾ,” ಎಂದಳು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಧಿಕಾರಿ ನಗಲಿಲ್ಲ. “ಹೀಗ್ ಬರಿ ಅಂತ ಯಾರಾದ್ರೂ ಹೇಳ್ಕೊಟ್ರಾ?”

ನನ್ನ ತಲೆಯಲ್ಲಿ ವಾದ ಸಿದ್ಧವಾಗಿತ್ತು. ಪತ್ರದ ನಮೂನೆಯೇ ಹೆಸರು ಕೇಳುತ್ತದೆ, ಉತ್ತರಪತ್ರಿಕೆಯ ಸೂಚನೆ ಪತ್ರಕ್ಕೆ ಅನ್ವಯವೆಂದು ಎಲ್ಲೂ ಬಿಡಿಸಿ ಹೇಳಿಲ್ಲ, ಊರಿನ ಬಸ್ಸಿನ ಕಷ್ಟ ನಿಜ, ಹೇಳಿಕೊಟ್ಟವನು ನಾನು. ಹೇಳಲು ಒಂದು ನಿಮಿಷ ಸಾಕಿತ್ತು.

ಅವಳು ನನ್ನ ಕಡೆ ನೋಡಲೇ ಇಲ್ಲ. ಮೇಜು ನೋಡುತ್ತ, “ಇಲ್ಲ ಸಾ, ನಾನೇ ಬರ್ದೆ,” ಎಂದಳು.

ನಾನು ಹೇಳಿಕೆ ಬರೆಯುವ ಹಾಳೆಯನ್ನು ನೇರ ಮಾಡಿಕೊಂಡೆ. ನಂಬರು ಇರಲಿ ಎಂದವನು ನಾನೇ ಎಂದು ಒಬ್ಬ ಹುಡುಗ ಅಣ್ಣನ ಎದುರು ಎದ್ದು ನಿಂತಿದ್ದರೆ ಅವಳಿಗೆ ಇನ್ನೂ ಕೆಡುಕಾಗುತ್ತಿತ್ತು. ಈ ಕಾರಣ ಈಗಲೂ ನನಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದು ಹೊಳೆದದ್ದು ಸಂಜೆ, ಬಸ್ಸು ತೆರಕಣಾಂಬಿ ದಾಟಿದ ಮೇಲೆ. ಆ ಕೋಣೆಯಲ್ಲಿ ನಾನು ಯೋಚಿಸುತ್ತಿದ್ದುದು ನನ್ನ ಮಾರ್ಕ್ಸ್ ಕಾರ್ಡಿನ ಬಗ್ಗೆ.

ಮೇಷ್ಟ್ರು ಹೇಳಿದಂತೆ ಹೇಳಿಕೆ ಬರೆದೆ. ಅಜ್ಞಾನದಿಂದ ಈ ತಪ್ಪಾಗಿದೆ, ಕ್ಷಮಿಸಬೇಕು ಎಂದು. ಅವಳು ಬೆರಳಿಟ್ಟು ಓದಿದಳು. ಒಂದು ಪದದ ಹತ್ತಿರ ಬೆರಳು ನಿಂತಿತು. ಇದೇನು ಎಂದಳು. ಗೊತ್ತಿಲ್ಲದೆ ಬರೆದೆ ಅಂತ ಎಂದೆ.

“ಗೊತ್ತಿದ್ದೇ ಬರ್ದಿದ್ದು ಕಣಪ್ಪ. ಬಸ್ಸು ನಿಲ್ಲಲ್ವಲ್ಲ.”

“ಸೈನ್ ಆಕಮ್ಮಿ, ಸಾಕು,” ಎಂದ ಅಣ್ಣ.

ಹಾಕಿದಳು. ನಿಜವಾದ ಹೆಸರು, ನಿಜವಾದ ಊರು, ಅವತ್ತಿನ ತಾರೀಖು. ಈ ಸಲ ಯಾರೂ ಸುತ್ತು ಹಾಕಲಿಲ್ಲ.

ಮೆಟ್ಟಿಲು ಇಳಿಯುವ ಮೊದಲೇ ಅವಳ ಫೋನು ಅಣ್ಣನ ಜೇಬು ಸೇರಿತ್ತು. ಅವನು ನನ್ನನ್ನು ನೋಡಿ, “ನೀನೂ ಅದೇ ಕ್ಲಾಸಾ?” ಎಂದ. ಹೂಂ ಅಣ್ಣ ಎಂದೆ. “ಸರಿ, ಓದ್ಕೊ ಓಗು,” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಬರೆದುಕೊಟ್ಟಿದ್ದಕ್ಕೆ ಉಪಕಾರವಾಯಿತು ಎಂಬ ದನಿಯಿತ್ತು. ಅದನ್ನು ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

ಶಿಕ್ಷೆ ಹಗುರವೇ. ಆ ಒಂದು ಪೇಪರು ರದ್ದು, ಮುಂದಿನ ಸಲ ಮತ್ತೆ ಬರೆಯಬಹುದು. ಮೇಷ್ಟ್ರು ಬದುಕಿದೆವು ಎಂದು ಉಸಿರು ಬಿಟ್ಟರು. ಅವಳು ಬರಲಿಲ್ಲ. ಅರ್ಜಿ ತುಂಬುವ ಕೊನೆಯ ದಿನ ನಾನು ಆಫೀಸಿನ ಕಿಟಕಿಯ ಹತ್ತಿರ ಬಾಗಿಲು ಹಾಕುವ ತನಕ ನಿಂತಿದ್ದೆ. ಮದುವೆ ಗೊತ್ತಾಗಿದೆ ಎಂದು ಉಮ್ಮತ್ತೂರಿನ ಒಬ್ಬಳು ಹೇಳಿದಳು. ಮೇಷ್ಟ್ರು ಈಗ ಪತ್ರದ ಪಾಠ ಶುರು ಮಾಡುವ ಮುನ್ನ ಈ ಕತೆ ಹೇಳಿ ಎಚ್ಚರಿಸುತ್ತಾರಂತೆ, ಹೆಸರು ಹೇಳದೆ.

ತಿದ್ದಿಕೊಡಲು ತೆಗೆದುಕೊಂಡಿದ್ದ ಅವಳ ನೋಟ್‌ಬುಕ್ಕು ನನ್ನ ಹತ್ತಿರವೇ ಉಳಿದಿದೆ. ಹೆಸರು, ಊರು, ಪಿನ್ ಕೋಡು, ಎಲ್ಲ ದುಂಡಗೆ ಬರೆದಿದ್ದಾಳೆ. ಒಂದು ಕ್ಷಮಾಪಣೆಯ ಕಾಗದ ಹಾಕಲು ಇಷ್ಟು ಸಾಕು. ನಾನು ಹಾಕಿಲ್ಲ. ಆ ಮನೆಗೆ ಒಬ್ಬ ಹುಡುಗನ ಹೆಸರಿನ ಕಾಗದ ಹೋದರೆ ಏನಾಗಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೆಸರು ಬರೆಯದೆ ಹಾಕಬಹುದೇ ಎಂದೂ ಒಮ್ಮೆ ಯೋಚಿಸಿದೆ, ಎ ಬಿ ಸಿ ಎಂದು ಸಹಿ ಮಾಡಿ. ಪೆನ್ನು ಕೆಳಗಿಟ್ಟೆ.